ಯಾವುದು ಯಾರ ಮನ ಮುಟ್ಟತದೋ!

ತಿಂಗಳುಗಟ್ಟಲೆ ಕೂತು ಬಾದಾಮಿಯ ಮೂರನೇ ಗುಹೆಯ ಬಗ್ಗೆ ಒಂದು ಲೇಖನ ಬರೆದಿದ್ದೆ. ಬೇವೂರಿನಿಂದ ಎರಡು ಸಲ ಹೋಗಿಬಂದು, ಅಲ್ಲಿಯ ಮಂಗಳೇಶನ ಶಾಸನ ಕ್ರಿ.ಶ. 578ರದ್ದು ಅಂತ ಖಾತ್ರಿ ಮಾಡಿಕೊಂಡಿದ್ದೆ. ಲೇಖನ ಬಂತು. ಊರಾಗ ಒಬ್ಬರೂ ಕೇಳಲಿಲ್ಲ, ಓದುಗರ ಒಂದು ಪತ್ರವೂ ಇಲ್ಲ.

ಮುಂದಿನ ವಾರ ಅನ್ನ ಕುದಿಯುವಷ್ಟರಲ್ಲಿ ಇನ್ನೊಂದು ಬರೆದು ಕಳಿಸಿದೆ. ತೀರಿಹೋದ ಅವ್ವನ ಇಳಕಲ್ ಸೀರೆ ಟ್ರಂಕಿನಲ್ಲಿತ್ತು. ಹತ್ತಿಯ ಒಡಲು ಪಿಸಿದಿತ್ತು. ಅದನ್ನು ರೇಷ್ಮೆ ಸೆರಗಿಗೆ ಜೋಡಿಸಿದ ಕೊಂಡಿ ಮಾತ್ರ ಒಂದೂ ಬಿಚ್ಚಿರಲಿಲ್ಲ. ಬರೆದದ್ದು ಇಷ್ಟೇ. ಆದರೆ ಫೋನು ನಿಲ್ಲಲೇ ಇಲ್ಲ! ಹಾಲು ಹಾಕೋ ಹುಡುಗನೂ, "ಅಕ್ಕಾರ, ನಮ್ಮವ್ವ ನನ್ನ ಕಡೆ ಓದಿಸಿ ಕೇಳಿ ಅತ್ತಳ್ರಿ" ಅಂದ.

ನಿಜ ಹೇಳಲಾ? ನನಗೆ ಖುಷಿಗಿಂತ ಸಿಟ್ಟೇ ಹೆಚ್ಚು ಬಂತು. ಕಷ್ಟಪಟ್ಟದ್ದಕ್ಕೆ ಬೆಲೆಯೇ ಇಲ್ಲವೇ? ಇನ್ನು ಇತಿಹಾಸದ ಉಸಾಬರಿಯೇ ಬ್ಯಾಡ ಅಂತ ಪುಸ್ತಕ ಕಟ್ಟಿಟ್ಟೆ.

ಆಗ ನೆನಪಾದವ ನಮ್ಮ ಜಿಲ್ಲೆಯ ಮುಧೋಳದ ಕವಿ ರನ್ನ. ಅವನಿಗೆ ಆಶ್ರಯ ಕೊಟ್ಟ ಅತ್ತಿಮಬ್ಬೆ, ಅಚ್ಚುಕೂಟವೇ ಇಲ್ಲದ ಆ ಕಾಲದಲ್ಲಿ ಪೊನ್ನನ ಶಾಂತಿಪುರಾಣದ 1000 ಪ್ರತಿ ಮಾಡಿಸಿ ಹಂಚಿದಳು. ರನ್ನನೂ ಆಕೆಗಾಗಿ 993ರಲ್ಲಿ ಅಜಿತಪುರಾಣ ಬರೆದ. ಇವತ್ತು ರನ್ನ ಅಂದರೆ ಜನ ಮೊದಲು ಹೇಳುವುದು ಗದಾಯುದ್ಧ, ನೆನೆಯುವುದು ದುರ್ಯೋಧನನ ಸಂಕಟ. ಪ್ರತಿ ಎಷ್ಟು ಬೇಕಾದರೂ ಹಂಚಬಹುದು. ಯಾವುದು ಯಾರ ಎದೆಯೊಳಗೆ ಉಳಿಯಬೇಕು ಅನ್ನೋದನ್ನ ನಾವು ಹೇಳಿಕೊಡಾಕ ಆಗೂದಿಲ್ಲ. ಅವ್ವನ ಸೀರೆ ಓದಿದವರಿಗೂ ನೆನಪಾದದ್ದು ನಮ್ಮವ್ವ ಅಲ್ಲ, ಅವರವರ ಅವ್ವ.

ಮೊನ್ನೆ ಬಾಗಲಕೋಟೆ ಬಸ್ಸಿನಲ್ಲಿ ಕಾಲೇಜು ಹುಡುಗಿಯೊಬ್ಬಳು ಗುರುತು ಹಿಡಿದಳು. ಸೀರೆ ಮಾತು ತೆಗೀತಾಳ ಅಂದುಕೊಂಡೆ. "ಅಕ್ಕಾರ, ನೀವು ಬರದದ್ದು ಓದಿ ಅಪ್ಪಾರ ಜೋಡಿ ಬಾದಾಮಿಗೆ ಹೋಗಿದ್ದೆರಿ. ಮೂರನೇ ಗುಹೆಯೊಳಗ ಆ ಶಾಸನ ಹುಡುಕಿ ನೋಡಿದ್ವಿ!" ಅಂದಳು.

ಲೇಖನ ಬಂದು ಎಂಟು ತಿಂಗಳಾಗಿತ್ತು. ಮನೆಗೆ ಬಂದವಳೇ ಕಟ್ಟಿಟ್ಟ ಪುಸ್ತಕ ಬಿಚ್ಚಿದೆ.