ಕಾರಿನ ಆಸನದ ಮೇಲಿನ ಕೈಚೀಲ
ಬೆಂಗಳೂರಿನ ಸೂಪರ್‌ಮಾರ್ಕೆಟ್‌ಗಳ ವಾಹನ ನಿಲುಗಡೆಯಲ್ಲಿ ಕಳ್ಳನಿಗೆ ಗಾಜು ಒಡೆಯುವ ಶ್ರಮವೂ ಬೇಕಿಲ್ಲ. ಡಿಕ್ಕಿ ತೆರೆಯಲೆಂದು ರಿಮೋಟ್ ಒತ್ತಿದರೆ ಹಲವು ಕಾರುಗಳಲ್ಲಿ ನಾಲ್ಕೂ ಬಾಗಿಲುಗಳ ಬೀಗ ತೆರೆದುಕೊಳ್ಳುತ್ತದೆ. ಸಾಮಾನು ತುಂಬುತ್ತಿರುವಾಗ ‘ಸಾರ್, ಟೈರಿನಲ್ಲಿ ಗಾಳಿಯಿಲ್ಲ’ ಎಂದು ಒಬ್ಬನು ಕರೆಯುತ್ತಾನೆ. ಇನ್ನೊಬ್ಬನು ಆಚೆ ಬದಿಯಿಂದ ಕೈಚೀಲವನ್ನೆತ್ತುತ್ತಾನೆ.

ವರ್ತಕರ ಚೀಲದಲ್ಲಿ ನಗದಿಗಿಂತ ಅಪಾಯಕರವಾದುವು ಚೆಕ್ ಪುಸ್ತಕ, ಸಂಸ್ಥೆಯ ಮೊಹರು, ಡಿಜಿಟಲ್ ಸಹಿಯ ಟೋಕನ್. (ಖಾಲಿ ಚೆಕ್ಕಿಗೆ ಮೊದಲೇ ಸಹಿ ಹಾಕಿಡುವ ನಮ್ಮವರ ರೂಢಿಗೆ ಏನೆನ್ನೋಣ!) ಆದಕಾರಣ ಠಾಣೆಗೆ ಹೊರಡುವ ಮುನ್ನವೇ ಬ್ಯಾಂಕಿಗೆ ತಿಳಿಸಿ ಚೆಕ್ಕುಗಳ ಪಾವತಿಯನ್ನು ತಡೆಹಿಡಿಸಬೇಕು. ವಾಹನದ ಸಾಮಾನ್ಯ ವಿಮೆಯು, ಪ್ರತ್ಯೇಕ ರಕ್ಷಣೆ ಪಡೆಯದ ಹೊರತು, ಒಳಗಿದ್ದ ಚೀಲಕ್ಕೆ ಅನ್ವಯಿಸುವುದಿಲ್ಲ.

ಖರೀದಿಗೆಂದು ಬಂದ ಪರಊರಿನ ಸದಸ್ಯರು ಗಮನಿಸಬೇಕು: 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ, ಕಳವು ಎಲ್ಲಿಯೇ ನಡೆದಿರಲಿ, ತಮ್ಮೂರಿನ ಠಾಣೆಯಲ್ಲಿಯೂ ದೂರು ದಾಖಲಿಸಬಹುದು.