ಹೋಹೆನ್‌ಲೋಹೆ ಮಹಾಮಾತ್ಯನು

ರಾಜಸೇವೆಯು ಅಸಿಧಾರಾವ್ರತವೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಜರ್ಮನಿಯ ಮಹಾಮಾತ್ಯರೆಂದೊಡನೆ ವಾಚಕರಿಗೆ ಬಿಸ್ಮಾರ್ಕನ ನೆನಪು ಬರುವುದು ಸಹಜ. ಆದರೆ ಅದೇ ಪೀಠವನ್ನೇರಿದ ಮೃದುಭಾಷಿಯಾದ ವೃದ್ಧನೊಬ್ಬನ ಚರಿತ್ರೆಯನ್ನು ನಾವಿಂದು ಹೇಳಬಯಸುವೆವು.

ರಾಜವಂಶೀಯನಾದ ಕ್ಲೋಡ್‌ವಿಗ್ ಹೋಹೆನ್‌ಲೋಹೆಯು 1819ನೆಯ ಇಸವಿ ಮಾರ್ಚ್ 31ರಂದು ಫುಲ್ಡಾ ನದೀತೀರದ ರೋಟೆನ್‌ಬುರ್ಗಿನಲ್ಲಿ ಜನಿಸಿದನು. ತಂದೆಯು ಕ್ಯಾಥೊಲಿಕನು, ತಾಯಿಯು ಪ್ರಾಟೆಸ್ಟೆಂಟ್ ಮತದವಳು. ಗಂಡುಮಕ್ಕಳಿಗೆ ತಂದೆಯ ಮತ, ಹೆಣ್ಣುಮಕ್ಕಳಿಗೆ ತಾಯಿಯ ಮತ ಎಂಬುದು ಆ ಮನೆಯ ಕಟ್ಟಳೆ. ಒಂದೇ ಸೂರಿನಡಿ ಎರಡು ಮತಗಳನ್ನು ಕಂಡು ಬೆಳೆದವನಿಗೆ ಪರಮತಸಹಿಷ್ಣುತೆಯು ತೊಟ್ಟಿಲಿನ ಪಾಠವಾಯಿತೆಂದು ನಾವು ಭಾವಿಸುವೆವು.

1866ರ ಕೊನೆಯ ದಿನ ಆತನು ಬವೇರಿಯ ರಾಜ್ಯದ ಪ್ರಧಾನಮಂತ್ರಿಯಾದನು. ಧರ್ಮವಿಷಯದಲ್ಲಿ ಪೋಪರ ನಿರ್ಣಯವು ದೋಷಾತೀತವೆಂದು ಸಾರುವ ಪ್ರಯತ್ನವು ಆಗ ರೋಮಿನಲ್ಲಿ ನಡೆದಿತ್ತು. ತಾನೇ ಕ್ಯಾಥೊಲಿಕನಾಗಿದ್ದರೂ, ಸ್ವಂತ ತಮ್ಮನು ಕಾರ್ಡಿನಲ್ ಪದವಿಯಲ್ಲಿದ್ದರೂ, ಇದರಿಂದ ರಾಜ್ಯಾಧಿಕಾರಕ್ಕೆ ಬಾಧಕವುಂಟೆಂದು 1869ರ ಏಪ್ರಿಲಿನಲ್ಲಿ ಐರೋಪ್ಯ ಸರ್ಕಾರಗಳಿಗೆ ಪತ್ರ ಬರೆದನು. ಅವು ಕಿವಿಗೊಡಲಿಲ್ಲ. ಮರುವರ್ಷ ಆತನು ಅಧಿಕಾರವನ್ನು ಬಿಡಬೇಕಾಯಿತು.

ಅನಂತರ 1874ರಿಂದ 1885ರವರೆಗೆ ಪ್ಯಾರಿಸಿನಲ್ಲಿ ರಾಯಭಾರಿ. ಬಳಿಕ ಫ್ರಾನ್ಸಿನಿಂದ ಗೆದ್ದುಕೊಂಡ ಆಲ್ಸೇಸ್-ಲೊರೇನ್ ಪ್ರಾಂತದ ಅಧಿಪತಿ. 1894ರಲ್ಲಿ, ವಿಶ್ರಾಂತಿಗೆ ಯೋಗ್ಯವಾದ 75ನೆಯ ವಯಸ್ಸಿನಲ್ಲಿ, ಮಹಾಮಾತ್ಯಪದವು ಹೆಗಲೇರಿತು. ತರುಣ ಚಕ್ರವರ್ತಿಯಾದ 2ನೆಯ ವಿಲ್ಹೆಲ್ಮನು ಈತನನ್ನು ಮಾವನೆಂದು ಕರೆಯುತ್ತಿದ್ದನು; ಮಾವನ ಮಾತನ್ನು ಕೇಳುತ್ತಿದ್ದುದು ಮಾತ್ರ ವಿರಳ.

ದುರ್ಬಲನೆಂದು ಈತನನ್ನು ಹಳಿದವರುಂಟು. ಆದರೆ ಸೈನಿಕ ನ್ಯಾಯಸ್ಥಾನಗಳ ವಿಚಾರಣೆಯ ಕ್ರಮವನ್ನು ಸುಧಾರಿಸುವೆನೆಂದು 1896ರಲ್ಲಿ ಶಾಸನಸಭೆಗೆ ಮಾತು ಕೊಟ್ಟು, ಚಕ್ರವರ್ತಿಗೆ ಅಪ್ರಿಯವಾದರೂ ಬಿಡದೆ, 1898ರಲ್ಲಿ ಶಾಸನವಾಗಿಸಿದನು. ರಾಜಕೀಯ ಸಂಘಗಳು ಪರಸ್ಪರ ಕೂಡಬಾರದೆಂಬ ನಿಷೇಧವೂ 1899ರಲ್ಲಿ ತೊಲಗಿತು. ಕೊಟ್ಟ ಮಾತನ್ನು ಸದ್ದಿಲ್ಲದೆ ಸಲ್ಲಿಸುವವನನ್ನು ನಾವು ದುರ್ಬಲನೆನ್ನಲಾರೆವು.

1900ರ ಅಕ್ಟೋಬರಿನಲ್ಲಿ ಪದವಿಯನ್ನು ತ್ಯಜಿಸಿ, ಮರುವರ್ಷ ಜುಲೈ 6ರಂದು ಸ್ವಿಟ್ಸರ್ಲೆಂಡಿನ ರಾಗಾಟ್ಸ್‌ನಲ್ಲಿ ಕಾಲವಶನಾದನು. 1906ರಲ್ಲಿ ಆತನ ಸ್ಮೃತಿಗ್ರಂಥವು ಪ್ರಕಟವಾಯಿತು. ಬಿಸ್ಮಾರ್ಕನ ಪದಚ್ಯುತಿಯ ಒಳಸಂಗತಿಗಳು ಅದರಲ್ಲಿದ್ದುವು. ಚಕ್ರವರ್ತಿಯು ಕನಲಿದನು, ಆಲ್ಸೇಸಿನಲ್ಲಿ ಅಧಿಕಾರಿಯಾಗಿದ್ದ ಮಗ ಅಲೆಕ್ಸಾಂಡರನು ಪದವಿಯನ್ನು ಕಳೆದುಕೊಂಡನು. ತಂದೆಯು ಬದುಕಿರುವಾಗ ನುಂಗಿಕೊಂಡ ಮಾತುಗಳಿಗೆ ಮಗನು ದಂಡ ತೆತ್ತಂತಾಯಿತು.

ಸ್ವಾಮಿಯ ಮುಂದೆ ಅಪ್ರಿಯಸತ್ಯವನ್ನು ಎಷ್ಟು ಹೇಳಬೇಕು, ಎಷ್ಟನ್ನು ಅಡಗಿಸಬೇಕು? ಆ ವೃದ್ಧನನ್ನು ಕಾಡಿದ ಈ ಪ್ರಶ್ನೆಯು ದೊಡ್ಡ ಪದವಿಗಳಲ್ಲಿರುವವರಿಗಷ್ಟೇ ಅಲ್ಲ, ಮನೆಮನೆಯಲ್ಲಿ ಹಿರಿಯರಿಗೆ ತಲೆಬಾಗಿ ಬಾಳುವ ನಮ್ಮೆಲ್ಲರಿಗೂ ಸೇರಿದುದಲ್ಲವೆ?