ಮುದ್ರಣವಾಗದ ಎರಡಕ್ಷರ

2013ರ ಜನವರಿ 1ರಿಂದ ನಮ್ಮ ದೇಶದಲ್ಲಿ ಒಂದು ನಿಯಮ ಜಾರಿಯಲ್ಲಿದೆ. ಕುಲಾಂತರಿ ಆಹಾರ ತುಂಬಿದ ಪೊಟ್ಟಣ ಯಾವುದೇ ಆಗಿರಲಿ, ಅದರ ಮುಖಭಾಗದ ಮೇಲ್ತುದಿಯಲ್ಲಿ 'ಜಿಎಂ' ಎಂದು ಅಚ್ಚಾಗಿರಬೇಕು. ಚೆನ್ನೈನ ಟಿ. ನಗರದ ದೊಡ್ಡ ಮಳಿಗೆಗಳಲ್ಲಾಗಲಿ, ಮೈಲಾಪುರದ ದಿನಸಿ ಅಂಗಡಿಗಳಲ್ಲಾಗಲಿ ಆ ಎರಡಕ್ಷರ ಕಣ್ಣಿಗೆ ಬೀಳುವುದು ತೀರ ಅಪರೂಪ. ಅಂಥ ಆಹಾರವೇ ಮಾರುಕಟ್ಟೆಯಲ್ಲಿಲ್ಲ, ಅದಕ್ಕೇ ಮುದ್ರೆಯೂ ಇಲ್ಲ ಎಂದು ಸಮಾಧಾನಪಡಬಹುದಿತ್ತು. ಆದರೆ ದೆಹಲಿಯ ಸಿಎಸ್‌ಇ ಸಂಸ್ಥೆ 2018ರಲ್ಲಿ 65 ಆಹಾರ ಪದಾರ್ಥಗಳನ್ನು ಅಂಗಡಿಗಳಿಂದ ಕೊಂಡು ಪರೀಕ್ಷೆಗೆ ಹಚ್ಚಿದಾಗ 21ರಲ್ಲಿ ಕುಲಾಂತರಿಯ ಕುರುಹು ಸಿಕ್ಕಿತು. ಆಮದಾಗಿ ಬಂದ 35ರಲ್ಲಿ 16, ಇಲ್ಲಿಯೇ ತಯಾರಾದ 30ರಲ್ಲಿ 5. ಕೆಲವು ಪೊಟ್ಟಣಗಳ ಮೇಲಂತೂ 'ಕುಲಾಂತರಿ ಮುಕ್ತ' ಎಂಬ ಸುಳ್ಳು ಭರವಸೆಯೇ ಇತ್ತು. ಅವೆಲ್ಲ ಉತ್ತರ ಮತ್ತು ಪಶ್ಚಿಮ ಭಾರತದಲ್ಲಿ ಕೊಂಡ ಮಾದರಿಗಳು, ನಿಜ. ಆದರೆ ಅಂಥವೇ ಆಮದು ಡಬ್ಬಿಗಳು ಚೆನ್ನೈನ ಅಂಗಡಿಗಳಲ್ಲಿಯೂ ಸಾಲಾಗಿ ಕೂತಿರುತ್ತವೆ.

ಹಾಗಾದರೆ ಮುದ್ರೆ ಏಕಿಲ್ಲ? ವ್ಯಾಪಾರಿಗಳ ಕಳ್ಳತನ ಎಂದು ಹೇಳಿ ಮುಗಿಸುವುದು ಸುಲಭ. ಆದರೆ ಗಂಟು ಬಿದ್ದಿರುವುದು ಕಾನೂನಿನಲ್ಲಿಯೇ. 2006ರ ಆಹಾರ ಸುರಕ್ಷತಾ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ, ನಿಯಮಗಳಲ್ಲಿ ಅವಕಾಶವಿದ್ದರೆ ಮಾತ್ರ ಕುಲಾಂತರಿ ಆಹಾರವನ್ನು ತಯಾರಿಸಬಹುದು, ಮಾರಬಹುದು, ಆಮದು ಮಾಡಬಹುದು. ಆ ನಿಯಮಗಳ ಕರಡನ್ನು ಆಹಾರ ಸುರಕ್ಷತಾ ಪ್ರಾಧಿಕಾರ ಹೊರಡಿಸಿದ್ದೇ 2021ರ ಕೊನೆಗೆ. ಮರುವರ್ಷ ಬಂದ ಅದರ ತಿದ್ದಿದ ರೂಪವೂ ಕರಡೇ. ಅಂದಮೇಲೆ 'ಜಿಎಂ' ಎಂದು ಅಚ್ಚುಹಾಕುವ ತಯಾರಕ ಒಂದು ಕಾನೂನನ್ನು ಪಾಲಿಸಿದ ಹಾಗೂ ಆಯಿತು, ಇನ್ನೊಂದನ್ನು ಮುರಿದಿದ್ದೇನೆ ಎಂದು ತಾನೇ ಬರೆದುಕೊಟ್ಟ ಹಾಗೂ ಆಯಿತು. ಇಂಥ ಪ್ರಾಮಾಣಿಕತೆಯನ್ನು ಯಾವ ಅಂಗಡಿಯವನಿಂದಲೂ ನಿರೀಕ್ಷಿಸುವಂತಿಲ್ಲ.

ಇನ್ನು ಕುಲಾಂತರಿ ನಮ್ಮ ಊಟಕ್ಕೆ ಬಂದು ಸೇರಲು ಪೊಟ್ಟಣವೇ ಇಲ್ಲದ ದಾರಿಗಳಿವೆ. ದೊಡ್ಡ ದಾರಿಗಳು ಅವೇ. ಮಣ್ಣಿನಲ್ಲಿರುವ ಬಿಟಿ ಎಂಬ ಬ್ಯಾಕ್ಟೀರಿಯದ ವಂಶವಾಹಿಯನ್ನು ಹತ್ತಿ ಗಿಡಕ್ಕೆ ಸೇರಿಸಿ, ಕಾಯಿಕೊರಕ ಹುಳುವನ್ನು ಕೊಲ್ಲುವ ಪ್ರೋಟೀನು ಗಿಡದಲ್ಲಿಯೇ ತಯಾರಾಗುವಂತೆ ಮಾಡಿದ ತಳಿಗೆ 2002ರಲ್ಲಿ ಅನುಮತಿ ಸಿಕ್ಕಿತು. ಈಗ ದೇಶದ ಹತ್ತಿ ಹೊಲದಲ್ಲಿ ನೂರಕ್ಕೆ 90 ಭಾಗಕ್ಕೂ ಹೆಚ್ಚು ಅದರದ್ದೇ. ಹತ್ತಿಯನ್ನು ನಾವು ಉಡುತ್ತೇವೆ, ತಿನ್ನುವುದಿಲ್ಲವಲ್ಲ ಎನ್ನಬಹುದು. ಆದರೆ ಅರಳೆ ಬಿಡಿಸಿದ ಮೇಲೆ ಉಳಿಯುವ ಹತ್ತಿಕಾಳು ಗಾಣಕ್ಕೆ ಹೋಗುತ್ತದೆ. ಅದರ ಎಣ್ಣೆ ಕರಿಯುವ ಬಾಣಲೆಗೂ ವನಸ್ಪತಿಗೂ ಸೇರುತ್ತದೆ, ಹಿಂಡಿ ಹಸು-ಎಮ್ಮೆಗಳ ಗೋದಲಿಗೆ ಹೋಗುತ್ತದೆ. ಸಿಎಸ್‌ಇ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ದೇಶೀ ಮಾದರಿಗಳೂ ಹತ್ತಿಬೀಜದ ಎಣ್ಣೆಯವೇ. ಅರ್ಜೆಂಟೀನಾ, ಬ್ರೆಜಿಲ್‌ಗಳಿಂದ ಹಡಗುಗಟ್ಟಲೆ ಬರುವ ಸೋಯಾ ಎಣ್ಣೆಯ ಮೂಲವೂ ಬಹುಪಾಲು ಕುಲಾಂತರಿ ಸೋಯಾ. 2021ರ ಆಗಸ್ಟ್‌ನಲ್ಲಿ ಕೋಳಿ ಸಾಕಣೆದಾರರ ಒತ್ತಾಯಕ್ಕೆ ಮಣಿದು 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿಯ ಆಮದಿಗೆ ಕೇಂದ್ರ ಸರ್ಕಾರ ಒಪ್ಪಿತು. ಅದನ್ನು ತಿಂದ ಕೋಳಿಯ ಮೊಟ್ಟೆಗೆ ಯಾವ ಮುದ್ರೆ ಹಾಕುವುದು? ಜೀರ್ಣವಾದ ಮೇವಿನಿಂದ ಮೊಟ್ಟೆ ಕುಲಾಂತರಿಯಾಗುವುದಿಲ್ಲ ಎಂಬುದು ವಿಜ್ಞಾನದ ಮಾತು, ಒಪ್ಪತಕ್ಕದ್ದೇ. ಆದರೂ ಯಾವ ಬೇಸಾಯಕ್ಕೆ ನನ್ನ ದುಡ್ಡು ಹೋಗುತ್ತಿದೆ ಎಂದು ತಿಳಿಯಬಯಸುವ ಗ್ರಾಹಕನಿಗೆ ಅದು ಉತ್ತರವಾಗುವುದಿಲ್ಲ.

ಮೊದಲ ಆಕ್ಷೇಪ ಹುಟ್ಟುವುದು ಇಲ್ಲಿಯೇ. ಕುಲಾಂತರಿ ಆಹಾರದಿಂದ ಕೆಡುಕಾಗಿದೆ ಎನ್ನಲು ಪುರಾವೆಯೇ ಇಲ್ಲದಿರುವಾಗ ಮುದ್ರೆ ಹಾಕಿ ಹೆದರಿಸುವುದೇಕೆ ಎಂದು ಅನೇಕ ವಿಜ್ಞಾನಿಗಳು ಕೇಳುತ್ತಾರೆ. ಪ್ರಶ್ನೆಯಲ್ಲಿ ಹುರುಳಿದೆ. ಮಾರುಕಟ್ಟೆಯಲ್ಲಿರುವ ಇಂಥ ಆಹಾರಗಳು ಸುರಕ್ಷತಾ ಪರೀಕ್ಷೆ ದಾಟಿದವು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ 2016ರ ದೊಡ್ಡ ವರದಿಗೂ ಸಾಮಾನ್ಯ ಬೆಳೆಗಿಂತ ಹೆಚ್ಚಿನ ಅಪಾಯ ಕಾಣಲಿಲ್ಲ. ಇಲಿಗಳಿಗೆ ಗಡ್ಡೆ ಬೆಳೆದ ಚಿತ್ರಗಳೊಂದಿಗೆ 2012ರಲ್ಲಿ ಸುದ್ದಿಯಾದ ಫ್ರಾನ್ಸಿನ ಸೆರಾಲಿನಿ ಅವರ ಪ್ರಬಂಧವನ್ನು ಮರುವರ್ಷವೇ ಪತ್ರಿಕೆ ಹಿಂತೆಗೆದುಕೊಂಡಿತು. ಆ ಚಿತ್ರಗಳನ್ನು ಇಂದಿಗೂ ವಾಟ್ಸಾಪಿನಲ್ಲಿ ಹಂಚುವವರು ಗ್ರಾಹಕರ ಪಕ್ಷಕ್ಕೆ ಉಪಕಾರವನ್ನೇನೂ ಮಾಡುತ್ತಿಲ್ಲ. ಆದರೆ ಮುದ್ರೆ ಎಂದರೆ ಅಪಾಯದ ಎಚ್ಚರಿಕೆ ಎಂದು ಭಾವಿಸಿರುವುದೇ ಈ ವಾದದ ದೋಷ. ಬಿಸ್ಕತ್ತಿನ ಪೊಟ್ಟಣದ ಮೇಲಿನ ಹಸಿರು ಚುಕ್ಕೆಯನ್ನೇ ನೋಡಿ. 2001ರಿಂದ ಸಸ್ಯಾಹಾರಕ್ಕೆ ಹಸಿರು, ಮಾಂಸಾಹಾರಕ್ಕೆ ಕಂದು ಗುರುತು ಕಡ್ಡಾಯ. ಮಾಂಸ ವಿಷವೆಂದು ಯಾರೂ ಆ ನಿಯಮ ಮಾಡಲಿಲ್ಲ, ಕಂದು ಗುರುತು ಕಂಡು ಯಾರೂ ಆಸ್ಪತ್ರೆಗೆ ಓಡುವುದೂ ಇಲ್ಲ. ತಾನು ತಿನ್ನುವುದು ಏನೆಂದು ತಿಳಿಯಲು ತಿನ್ನುವವನು ಪ್ರಯೋಗಾಲಯದ ಪುರಾವೆ ಒದಗಿಸಬೇಕಿಲ್ಲ ಎಂಬುದನ್ನು ಈ ದೇಶ ಆಗಲೇ ಒಪ್ಪಿಕೊಂಡಿದೆ.

ವಿಜ್ಞಾನಿಗಳೆಲ್ಲ ಒಂದು ಕಡೆ, ಭಯಸ್ಥರೆಲ್ಲ ಇನ್ನೊಂದು ಕಡೆ ಎಂಬ ಚಿತ್ರವೂ ಸರಿಯಲ್ಲ. ಕಾಂಡ್ಲಾ ಗಿಡದ ವಂಶವಾಹಿಯಿಂದ ಉಪ್ಪುನೀರು ತಾಳುವ ಭತ್ತ ರೂಪಿಸಲು ಶ್ರಮಿಸಿದ್ದು ಚೆನ್ನೈನ ತರಮಣಿಯಲ್ಲಿರುವ ಎಂ.ಎಸ್. ಸ್ವಾಮಿನಾಥನ್ ಪ್ರತಿಷ್ಠಾನ. ಅದೇ ಸ್ವಾಮಿನಾಥನ್ 2018ರಲ್ಲಿ ಪಿ.ಸಿ. ಕೇಶವನ್ ಜೊತೆ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬರೆದ ಲೇಖನ ಬಿಟಿ ಹತ್ತಿಯ ಸಾಧನೆಯನ್ನು ಕಟುವಾಗಿ ಪ್ರಶ್ನಿಸಿ, ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಖಂಡನೆಗೂ ಗುರಿಯಾಯಿತು.

ಪ್ರತಿಷ್ಠಾನದಂತೆಯೇ ತರಮಣಿಯಲ್ಲಿರುವ ಇನ್ನೊಂದು ಕಚೇರಿ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ್ದು. ಕರ್ನಾಟಕದ ಬದನೆಯ ಕಥೆ ಹೋಗಿ ಮುಟ್ಟಿದ್ದು ಅಲ್ಲಿಗೆ. ಮಹಿಕೋ ಕಂಪನಿಯ ಬಿಟಿ ಬದನೆಗೆ 2009ರ ಅಕ್ಟೋಬರ್ 14ರಂದು ಕೇಂದ್ರದ ಅನುಮೋದನಾ ಸಮಿತಿ ಒಪ್ಪಿಗೆ ನೀಡಿತ್ತು. ಪರಿಸರ ಸಚಿವ ಜೈರಾಮ್ ರಮೇಶ್ ಏಳು ನಗರಗಳಲ್ಲಿ ಜನರ ಮಾತು ಕೇಳಿ, 2010ರ ಫೆಬ್ರವರಿ 9ರಂದು ಅದನ್ನು ತಡೆಹಿಡಿದರು. ಕೊನೆಯ ಸಭೆ ಬೆಂಗಳೂರಿನದು. ಚೆನ್ನೈಗೆ ಆ ಏಳರಲ್ಲಿ ಜಾಗ ಸಿಗಲಿಲ್ಲ. ಕೊಯಂಬತ್ತೂರಿನ ಕೃಷಿ ವಿಶ್ವವಿದ್ಯಾಲಯ ತಮಿಳುನಾಡಿನ ನಾಲ್ಕು ತಳಿಗಳನ್ನೂ, ಧಾರವಾಡದ ಕೃಷಿ ವಿಶ್ವವಿದ್ಯಾಲಯ ಉಡುಪಿ, ಮಲಾಪುರ, ಕುಡಚಿ, ರಬಕವಿ ಮೊದಲಾದ ಕಡೆಯ ಆರು ತಳಿಗಳನ್ನೂ ಬಿಟಿ ಬದನೆಯ ಯೋಜನೆಗೆ ಒಳಪಡಿಸಿದ್ದವು. ಉಡುಪಿಯಲ್ಲಿ ಅಲ್ಲಿನ ಬದನೆ ಮಟ್ಟುಗುಳ್ಳದ ಹೆಸರಿನಲ್ಲಿಯೇ ವಿರೋಧ ಎದ್ದಿತು. ಸ್ಥಳೀಯ ತಳಿಗಳನ್ನು ಬಳಸಲು ಬೇಕಾದ ಅನುಮತಿಯನ್ನೇ ಪಡೆದಿಲ್ಲ ಎಂದು ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ದೂರಿತು. ಜೀವವೈವಿಧ್ಯ ಪ್ರಾಧಿಕಾರ 2011ರಲ್ಲಿ ಕಾನೂನು ಕ್ರಮಕ್ಕೆ ನಿರ್ಧರಿಸಿತು, 2012ರಲ್ಲಿ ಮೊಕದ್ದಮೆ ಧಾರವಾಡದ ನ್ಯಾಯಾಲಯಕ್ಕೆ ಹೋಯಿತು. ಗ್ರಾಹಕನ ಆಯ್ಕೆಗೂ ಈ ವ್ಯಾಜ್ಯಕ್ಕೂ ಏನು ನಂಟು ಎಂದರೆ, ಬದನೆಕಾಯಿ ಪೊಟ್ಟಣದಲ್ಲಿ ಬರುವುದಿಲ್ಲ. ಅದು ಕೊಯಂಬೇಡು ಮಾರುಕಟ್ಟೆಗೆ ಮೂಟೆಯಲ್ಲಿ ಬಂದು, ತಳ್ಳುಗಾಡಿಯಲ್ಲಿ ರಾಶಿಯಾಗಿ ಮಾರಾಟವಾಗುತ್ತದೆ. ಎರಡು ಬಗೆಯ ಬದನೆ ಒಮ್ಮೆ ಒಂದೇ ರಾಶಿಗೆ ಬಿದ್ದರೆ ಕಣ್ಣಿಂದ ಬೇರ್ಪಡಿಸುವುದು ಯಾರಿಂದಲೂ ಆಗದು. ಜೇನುನೊಣ ಹೊಲದಿಂದ ಹೊಲಕ್ಕೆ ಪರಾಗ ಹೊತ್ತರೆ ಬೀಜವೇ ಬೆರೆಯುತ್ತದೆ. ಕೊಳ್ಳುವವನ ಆಯ್ಕೆ ಇಂಥ ಕಡೆ ಉಳಿಯಬೇಕಾದರೆ ಯಾವ ಬೀಜ ಯಾವ ಹೊಲದಲ್ಲಿದೆ ಎಂಬ ಲೆಕ್ಕ ಇಡುವವರು ಮೊದಲು ಬೇಕು. 2019ರಲ್ಲಿ ಹರಿಯಾಣದ ಫತೇಹಾಬಾದ್ ಜಿಲ್ಲೆಯ ಹೊಲವೊಂದರಲ್ಲಿ ಅನುಮತಿಯೇ ಇಲ್ಲದ ಬಿಟಿ ಬದನೆ ಪತ್ತೆಯಾಯಿತು. ಆ ಲೆಕ್ಕ ಯಾರ ಬಳಿಯೂ ಇರಲಿಲ್ಲ.

ಎರಡನೆಯ ಆಕ್ಷೇಪ ಖರ್ಚಿನದು. ಬಂದರಿನಲ್ಲಿ, ಗೋದಾಮಿನಲ್ಲಿ, ಗಾಣದಲ್ಲಿ ಎರಡು ಬಗೆಯನ್ನು ಬೇರೆ ಬೇರೆ ಇಡುವುದೆಂದರೆ ಬೆಲೆ ಏರುತ್ತದೆ, ಬಡವನ ಎಣ್ಣೆ ತುಟ್ಟಿಯಾಗುತ್ತದೆ ಎನ್ನುತ್ತಾರೆ. ಬೇಕಾದವರು ಸಾವಯವ ಕೊಳ್ಳಲಿ, ಅದರಲ್ಲಿ ಕುಲಾಂತರಿಗೆ ನಿಷೇಧವಿದೆ ಎಂಬ ಉಪದೇಶವೂ ಜೊತೆಗಿರುತ್ತದೆ. ಅಂದರೆ ಆಯ್ಕೆ ಎಂಬುದು ಹೆಚ್ಚು ದುಡ್ಡು ಕೊಡಬಲ್ಲವರಿಗೆ ಮಾತ್ರ. ಖರ್ಚು ಇರುವುದು ದಿಟ. ಆದರೆ ಅದು ಎಷ್ಟೆಂಬುದು ಎಲ್ಲಿ ಗೆರೆ ಎಳೆಯುತ್ತೇವೆ ಎಂಬುದರ ಮೇಲಿದೆ. ಯುರೋಪು ಪ್ರತಿ ಪದಾರ್ಥದಲ್ಲಿ ಶೇ 0.9ರವರೆಗಿನ ಆಕಸ್ಮಿಕ ಬೆರಕೆಯನ್ನು ಮನ್ನಿಸುತ್ತದೆ, ಅಮೆರಿಕ ಶೇ 5ರವರೆಗೆ. ನಮ್ಮಲ್ಲಿಯೂ 2021ರಿಂದ ಭತ್ತ, ಗೋಧಿ, ಸೋಯಾ, ಸೇಬು ಸೇರಿ 24 ಬೆಳೆಗಳ ಆಮದಿಗೆ ಕುಲಾಂತರಿಯಲ್ಲ ಎಂಬ ಪ್ರಮಾಣಪತ್ರ ಕಡ್ಡಾಯವಾಗಿದೆ, ಶೇ 1ರ ವಿನಾಯಿತಿಯೊಂದಿಗೆ. ಚೆನ್ನೈ ಬಂದರಿನಲ್ಲಿ ಸೇಬಿನ ಪೆಟ್ಟಿಗೆಗೆ ಆ ಕಾಗದ ಕೇಳಬಹುದಾದರೆ ಎಣ್ಣೆಯ ಟ್ಯಾಂಕಿಗೆ ಏಕೆ ಕೇಳಬಾರದು? ಚೆನ್ನಾಗಿ ಶುದ್ಧೀಕರಿಸಿದ ಎಣ್ಣೆಯಲ್ಲಿ ಡಿಎನ್‌ಎ ಉಳಿಯುವುದೇ ಕಷ್ಟ, ಪರೀಕ್ಷೆಗೆ ಸಿಗದು ಎನ್ನುವುದು ಇಲ್ಲಿ ಬರುವ ಜಾಣ ಉತ್ತರ. ಕಾಗದದ ಜಾಡು ಬೇಕಾಗುವುದು ಅದಕ್ಕಾಗಿಯೇ. ಪ್ರಯೋಗಾಲಯ ಹೇಳಲಾಗದ್ದನ್ನು ಬಿಲ್ಲು-ರಸೀತಿಗಳು ಹೇಳಬೇಕು.

ಸುಪ್ರೀಂ ಕೋರ್ಟು 2024ರ ಜುಲೈ 23ರಂದು ಕುಲಾಂತರಿ ಸಾಸಿವೆಗೆ ಸಿಕ್ಕಿದ್ದ ಅನುಮತಿಯ ಬಗ್ಗೆ ಭಿನ್ನ ತೀರ್ಪು ನೀಡಿತು. ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅನುಮತಿಯನ್ನು ರದ್ದು ಮಾಡಿದರೆ, ಸಂಜಯ್ ಕರೋಲ್ ಎತ್ತಿಹಿಡಿದರು. ಇಬ್ಬರೂ ಒಂದಾದದ್ದು ಎರಡು ವಿಷಯದಲ್ಲಿ: ದೇಶಕ್ಕೊಂದು ಕುಲಾಂತರಿ ನೀತಿ ಬೇಕು, ಕುಲಾಂತರಿ ಆಹಾರ, ಮುಖ್ಯವಾಗಿ ಖಾದ್ಯ ತೈಲ ಆಮದಾಗುವಾಗ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಮುದ್ರೆಯ ಬಗೆಗಿರುವ 23ನೇ ಸೆಕ್ಷನ್ ಪಾಲನೆಯಾಗಬೇಕು. ಸಾಸಿವೆಯ ಗದ್ದಲದಲ್ಲಿ ಈ ಎಣ್ಣೆಯ ಮಾತಿಗೆ ಸಿಗಬೇಕಾದಷ್ಟು ಗಮನ ಸಿಗಲಿಲ್ಲ.

ಇದರ ನಡುವೆ ಅಕ್ಕಿ ಬಂದಿದೆ. ಹೊರಗಿನ ವಂಶವಾಹಿ ಸೇರಿಸದೆ, ಇರುವುದನ್ನೇ ಕತ್ತರಿಸಿ ತಿದ್ದಿದ ಬೆಳೆಗಳಿಗೆ 2022ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಕುಲಾಂತರಿ ನಿಯಮಗಳ ಮುಖ್ಯ ಕಟ್ಟುಪಾಡುಗಳಿಂದ ವಿನಾಯಿತಿ ಕೊಟ್ಟಿತು. 2025ರ ಮೇ 4ರಂದು ಅಂಥ ಎರಡು ಭತ್ತದ ತಳಿಗಳು ಘೋಷಣೆಯಾದವು. ಅವುಗಳಲ್ಲಿ ಹೈದರಾಬಾದಿನಲ್ಲಿ ರೂಪುಗೊಂಡ 'ಕಮಲಾ' ತಳಿಯ ತಾಯಿ ಸಾಂಬಾ ಮಸೂರಿ, ಅಂದರೆ ರಾಯಚೂರಿನ ಗದ್ದೆಯಲ್ಲಿ ಬಿಪಿಟಿ 5204 ಎಂದು ಬೆಳೆಯುವ ಸಣ್ಣಕ್ಕಿ. ಪ್ರಕೃತಿಯಲ್ಲಿಯೂ ಆಗಬಹುದಾದ ಬದಲಾವಣೆ ಇದು, ಮುದ್ರೆ ಬೇಡ ಎಂಬ ವಾದಕ್ಕೆ ವಿಜ್ಞಾನದ ಬಲ ಇಲ್ಲದಿಲ್ಲ. ಆದರೆ ಹಾಗೆ ಹೇಳುವವರು ಇದನ್ನು ಅಕ್ಕಿ ಚೀಲದ ಮೇಲೆಯೇ ಬರೆದು ಹೇಳಲಿ. ವಿನಾಯಿತಿ ಸಿಕ್ಕಿರುವುದು ಸುರಕ್ಷತಾ ನಿಯಮಗಳಿಂದ, ಕೊಳ್ಳುವವರೊಂದಿಗೆ ಮಾತಾಡುವುದರಿಂದಲ್ಲ.